ಹದಿನೈದೂವರೆ ಇಂಚಿನ ಲ್ಯಾಪ್‌ಟಾಪ್

ಮನೆಗೊಂದು ಲ್ಯಾಪ್‌ಟಾಪ್ ಬೇಕು, ಕೈಯಲ್ಲಿರುವ ದುಡ್ಡು ಇಷ್ಟೇ, ಅಂಗಡಿಯಲ್ಲಿ ಸಾಲಾಗಿ ಬಾಯಿ ತೆರೆದು ಕೂತಿರುವುದು ನಲವತ್ತು ಬಗೆ. ಯಾವುದನ್ನು ತರುವುದು? ಈ ಪೇಚಾಟಕ್ಕೆ ಸಿಕ್ಕದ ಮನೆ ಈಗ ಯಾವ ಬೀದಿಯಲ್ಲೂ ಇಲ್ಲ. ನಮ್ಮ ಮೂರಳತೆ ಮಾವನೂ ಸಿಕ್ಕಿಕೊಂಡ. ಹೇಗೆ ಸಿಕ್ಕಿಕೊಂಡ, ಹೇಗೆ ಬಿಡಿಸಿಕೊಂಡ ಅನ್ನುವುದನ್ನು ಹೇಳುತ್ತೇನೆ, ಕೇಳಿ.

ಮೂರಳತೆ ಮಾವ ಬಡಗಿ. ಹಲಗೆ ಕೊಯ್ಯುವ ಮೊದಲು ಮೂರು ಸಲ ಅಳೆಯುತ್ತಾನೆಂದು ಬೀದಿಯವರು ಇಟ್ಟ ಹೆಸರು ಅದು. ಜೇಬಿನಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು ಇಲ್ಲದೆ ಅವನು ಹೊಸ್ತಿಲು ದಾಟಿದವನಲ್ಲ. ಒಂದು ನೂಲು, ಅಂದರೆ ಇಂಚಿನ ಎಂಟರಲ್ಲೊಂದು ಪಾಲು, ಆಚೀಚೆಯಾದರೂ ಅವನಿಗೆ ಊಟ ರುಚಿಸುವುದಿಲ್ಲ. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಕಿರ್ ಅನ್ನುವುದಿಲ್ಲ ಎಂದು ಅವನಿಗೆ ಆಗದವರೂ ಒಪ್ಪುತ್ತಾರೆ. ಇಷ್ಟೆಲ್ಲ ಇದ್ದೂ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಅವನು ಎಡವಿದ್ದು ಆ ಟೇಪಿನಿಂದಲೇ.

ಅವನಿಗೆ ಒಬ್ಬಳೇ ಮಗಳು. ಕಟ್ಟಡದ ಒಳಗಿನ ವಿನ್ಯಾಸ ಓದಿದವಳು. ಕೋಣೆ, ಕಿಟಕಿ, ಮೆಟ್ಟಿಲುಗಳನ್ನು ಕಂಪ್ಯೂಟರಿನಲ್ಲಿ ಉದ್ದ, ಅಗಲ, ಎತ್ತರಗಳ ಸಮೇತ ಕಟ್ಟಿ ತೋರಿಸುವುದು ಅವಳ ವಿದ್ಯೆ. ಒಂದು ವಿನ್ಯಾಸದ ಕಚೇರಿಯ ಮುಖ್ಯಸ್ಥೆ ಅವಳ ಚಿತ್ರಗಳನ್ನು ಮೆಚ್ಚಿದ್ದರು. "ಸೋಮವಾರ ಬಾ. ಆದ್ರೆ ಇಲ್ಲಿ ಎಲ್ಲರೂ ಅವರವರ ಲ್ಯಾಪ್‌ಟಾಪಲ್ಲೇ ಕೆಲಸ ಮಾಡೋದು. ನಿನ್ನ ಮಷಿನ್‌ನಲ್ಲಿ ನಮ್ಮ ಕೆಲಸ ಓಡಬೇಕು. ಓಡಿದ್ರೆ ಜಾಗ ನಿಂದು," ಎಂದು ಹೇಳಿ, ಯಂತ್ರ ಹೇಗಿರಬೇಕೆಂದು ಎಂಟು ಸಾಲಿನ ಚೀಟಿಯೊಂದನ್ನು ಕೊಟ್ಟಿದ್ದರು. ಅಲ್ಲಿ ಜಾಗಕ್ಕಾಗಿ ಕಾದಿದ್ದವರು ಇನ್ನೂ ಆರು ಜನ.

ದುಡ್ಡು ಇರಲಿಲ್ಲವೆಂದಲ್ಲ. ಮರ ಹೆರೆಯುವ ಯಂತ್ರಕ್ಕೆಂದು ಮೂರಳತೆ ಮಾವ ಎರಡು ವರ್ಷದಿಂದ ಕೂಡಿಟ್ಟದ್ದಿತ್ತು. ಬಲಭುಜ ದಿನವೂ ಸಂಜೆ ಸೆಳೆಯುತ್ತಿದ್ದರೂ ಅವನು ಎರಡನೇ ಮಾತಿಲ್ಲದೆ ಅದನ್ನೇ ತೆಗೆದ. ಅದರಾಚೆಗೆ ಬಿಡಿಗಾಸೂ ಇರಲಿಲ್ಲ. ಈ ಒಂದು ಖರೀದಿ ತಪ್ಪಿದರೆ ಮಗಳ ಕೆಲಸವೂ ಹೋಯಿತು, ಇನ್ನೊಂದು ಸಲ ಕೊಳ್ಳುವ ಮಾತೂ ಇಲ್ಲ.

"ನಾನೂ ಬರ್ತೀನಿ ಅಪ್ಪ," ಎಂದಳು ಮಗಳು.

"ನೀನ್ಯಾಕೆ? ಮರದ ಮಂಡಿಯಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದೀನಿ. ಹುಡುಗಿ ಜೊತೆಗಿದ್ರೆ ಇವರಿಗೆ ಬೇಕೇ ಬೇಕು ಅಂತ ಗೊತ್ತಾಗಿ ರೇಟು ಏರಿಸ್ತಾರೆ. ಚೀಟಿ ಕೊಡು ಸಾಕು."

ಹೀಗೆ ಶುಕ್ರವಾರ ಮಧ್ಯಾಹ್ನ ಅವನೊಬ್ಬನೇ ಹೋದ.

ಅಂಗಡಿಯ ಗಾಜಿನ ಬಾಗಿಲು ಮುಟ್ಟದೆಯೇ ತೆರೆದುಕೊಂಡಾಗ ಅವನು ಒಂದು ಹೆಜ್ಜೆ ಹಿಂದೆ ಸರಿದು ಅದರ ಕೀಲು ಎಲ್ಲಿದೆಯೆಂದು ಹುಡುಕಿದ. ಒಳಗೆ ಎಲ್ಲ ಪರದೆಗಳಲ್ಲೂ ಒಂದೇ ನೀಲಿ ಕಡಲು ಒಂದೇ ಹೊತ್ತಿಗೆ ಉಕ್ಕುತ್ತಿತ್ತು. ಚೀಟಿ ತೆಗೆದು ನೋಡಿದರೆ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಎಂದು ಏಳು ಸಾಲು ತಲೆಯ ಮೇಲಿಂದ ಹಾರಿಹೋದವು. ಎಂಟನೆಯ ಸಾಲು ಮಾತ್ರ ನೆಂಟನಂತೆ ಕಂಡಿತು. "ಪರದೆ: ಸುಮಾರು ಹದಿನೈದೂವರೆ ಇಂಚು" ಎಂದಿತ್ತು ಅದರಲ್ಲಿ. ಮೂರಳತೆ ಮಾವ ಟೇಪು ಹೊರಗೆಳೆದ.

ಮೊದಲು ಸಿಕ್ಕಿದ್ದು ಕಪಾಟಿನ ಕೆಳಗಿನ ಅರೆಯಲ್ಲಿದ್ದ ಒಂದು ಕಪ್ಪು ಲ್ಯಾಪ್‌ಟಾಪ್. ದಪ್ಪಗೆ, ಮಂಕಾಗಿ, ಯಾರೂ ತಿರುಗಿ ನೋಡದಂತಿತ್ತು. ಪರದೆಯ ಎಡದಂಚಿನಿಂದ ಬಲದಂಚಿಗೆ ಟೇಪು ಹಿಡಿದ. ಮೂರು ಸಲ ಹಿಡಿದ.

"ಹದಿಮೂರೂವರೆ. ಏನ್ರೀ ಇದು, ಹದಿನೈದೂವರೆ ಅಂತ ಬೋರ್ಡು ಹಾಕಿ ಎರಡಿಂಚು ನುಂಗಿದೀರಲ್ಲ. ಮರದ ಮಂಡಿಯಲ್ಲೂ ಇಷ್ಟು ಮೋಸ ಇಲ್ಲ," ಎಂದ.

ಟೈ ಕಟ್ಟಿದ ಮಾರಾಟಗಾರ ಒಂದು ಕ್ಷಣ ಬಾಯಿ ತೆರೆದು, ವಾದ ಮಾಡುವ ಗಿರಾಕಿಗೆ ವಿವರಿಸುವುದಕ್ಕಿಂತ ದೊಡ್ಡ ಮಾಲು ತೋರಿಸುವುದೇ ಸುಲಭವೆಂದು ಬಾಯಿ ಮುಚ್ಚಿಕೊಂಡ. ಅವನು ತಂದಿಟ್ಟದ್ದು ಬೆಳ್ಳಿ ಬಣ್ಣದ, ತಟ್ಟೆಯಷ್ಟು ನುಣುಪಾದ ಒಂದು ಲ್ಯಾಪ್‌ಟಾಪ್. ಅಂಚು ಸೇರಿಸಿ ಅಳೆದರೆ ಸರಿಯಾಗಿ ಹದಿನೈದೂವರೆ. ಮುಚ್ಚಳವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ, ಟೊಳ್ಳಲ್ಲ. ಕೀಲು ಬಿಗಿಯಾಗಿತ್ತು. ಕೈಯಲ್ಲಿ ತೂಗಿದ, ಭಾರವಿತ್ತು. ಮರದಲ್ಲಿ ಭಾರವೆಂದರೆ ಬಾಳಿಕೆ.

"ಇದರ ಮೇಲೆ ಏಳು ಅಂತ ಇದೆ, ಅದರ ಮೇಲೆ ಐದು ಅಂತಿತ್ತು. ಏಳು ಹೆಚ್ಚೋ ಐದು ಹೆಚ್ಚೋ?"

"ಏಳೇ ಹೆಚ್ಚು ಸರ್. ಒಂದನೇ ಕ್ಲಾಸಿಗೇ ಗೊತ್ತು ಅದು," ಎಂದ ಮಾರಾಟಗಾರ.

ಮುಂಗಡ ಕೊಟ್ಟ. ಮಂಡಿಯ ಅಭ್ಯಾಸ ಬಿಡದೆ, "ನಾಳೆ ಸಂಜೆಯೊಳಗೆ ಬೇಡ ಅಂದ್ರೆ ದುಡ್ಡು ವಾಪಸ್ಸು ಅಂತ ರಸೀದಿ ಮೇಲೆ ಬರೀರಿ," ಎಂದು ಬರೆಸಿಕೊಂಡ. ಅಂದು ಅವನು ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಇದು. ಆಮೇಲೆ ಬೆಳ್ಳಿ ಲ್ಯಾಪ್‌ಟಾಪಿನ ಎದುರು ನಿಂತು ಫೋಟೊ ತೆಗೆಸಿಕೊಂಡು ಮನೆಗೆ ಬಂದ.

ಮಗಳು ಫೋಟೊ ನೋಡಿದಳು. ಹಿಗ್ಗಿಸಿ ಅದರ ಪಕ್ಕದ ವಿವರದ ಚೀಟಿ ಓದಿದಳು. ಮುಖ ಸಣ್ಣದಾಯಿತು.

"ಚೆನ್ನಾಗಿದೆ ಅಪ್ಪ," ಎಂದಷ್ಟೇ ಹೇಳಿ ಒಳಗೆ ಹೋದಳು.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. "ರೀ, ಅವಳು ಚೆನ್ನಾಗಿದೆ ಅಂದ ರೀತಿ ನೋಡಿದ್ರಾ? ಸುಟ್ಟ ಅಂಗಿ ವಾಪಸ್ ಕೊಟ್ಟಾಗ ಒಳ್ಳೇ ಗಿರಾಕಿಗಳು ಹಾಗೇ ಅನ್ನೋದು. ಏನಾಯ್ತು ಅಂತ ಕೇಳಿ," ಎಂದಳು.

ಅವನು ಕೇಳಿದ. ಮಗಳು ತಡವರಿಸಿ ಹೇಳಿದಳು. "ಅಪ್ಪ, ಪರದೆನ ಅಡ್ಡಡ್ಡ ಅಳೆಯಲ್ಲ. ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಅಳೀತಾರೆ. ಹದಿಮೂರೂವರೆ ಅಂತ ನೀನು ಬಿಟ್ಟು ಬಂದಿದ್ಯಲ್ಲ, ಅದೇ ಹದಿನೈದೂವರೆ. ಈ ಬೆಳ್ಳಿದು ಹದಿನೇಳಕ್ಕೂ ಮೇಲೆ. ಅದು ಹೋಗಲಿ, ಒಳಗೆ ಇರೋದು..." ಎಂದು ನಿಲ್ಲಿಸಿದಳು.

ಮೂವತ್ತು ವರ್ಷ ಅಳತೆಯಲ್ಲೇ ಬದುಕಿದವನಿಗೆ ಅಳತೆ ತಪ್ಪಿದೆ ಎಂದರೆ ಹೇಗಾಗಬೇಡ. ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಕೂತ. ಸ್ವಲ್ಪ ಹೊತ್ತಾದ ಮೇಲೆ ಸಿಟ್ಟೂ ಬಂತು. "ಮೂಲೆಯಿಂದ ಮೂಲೆಗೆ ಅಳೆದು ಯಾರಾದ್ರೂ ಬಾಗಿಲು ಮಾಡ್ತಾರಾ? ಏನೇ ಹೇಳು, ಏಳು ಐದಕ್ಕಿಂತ ದೊಡ್ಡದು," ಎಂದ.

"ಸ್ಕ್ರೂ ಅಕ್ಕನ್ನ ಕೇಳೋಣ," ಎಂದಳು ಹೆಂಡತಿ.

ಸ್ಕ್ರೂ ಅಕ್ಕ ಬೀದಿಯ ಕೊನೆಯಲ್ಲಿ ಲ್ಯಾಪ್‌ಟಾಪ್, ಪ್ರಿಂಟರ್ ರಿಪೇರಿ ಮಾಡುವವಳು. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗವೇ ಅವಳ ಅಂಗಡಿ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಹೋಗುತ್ತಾ ಮೂರಳತೆ ಮಾವ, "ರಿಪೇರಿಯವಳಿಗೆ ಹೊಸದು ಹೇಗೆ ಹಿಡಿಸುತ್ತೆ? ಎಲ್ಲರೂ ಒಳ್ಳೇದು ತಂದ್ರೆ ಅವಳ ಹೊಟ್ಟೆಪಾಡು ಏನಾಗ್ಬೇಕು," ಎಂದು ಗೊಣಗಿದ.

ಅದು ಸ್ಕ್ರೂ ಅಕ್ಕನ ಕಿವಿಗೆ ಬಿದ್ದಿತ್ತು. ಅವಳು ನಕ್ಕು, "ಬನ್ನಿ ಅಣ್ಣ. ಮುಚ್ಚಳ ಮುಟ್ಟಿ ಬಂದಿದೀರಿ, ಈಗ ಒಳಗೆ ನೋಡಿ," ಎಂದು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಲ್ಯಾಪ್‌ಟಾಪಿನ ಕಡೆಗೆ ದೀಪ ತಿರುಗಿಸಿದಳು.

ಬಡಗಿ ಬಗ್ಗಿದ. ಬಗ್ಗಿದವನು ಹಾಗೇ ಉಳಿದ. ಹಸಿರು ಹಲಗೆಯೊಂದರ ಮೇಲೆ ಎಳ್ಳಿನಷ್ಟು ಸಣ್ಣ ಸಣ್ಣ ತುಂಡುಗಳು, ಒಂದರ ಪಕ್ಕ ಒಂದು, ಸಾಲು ತಪ್ಪದೆ ಕೂತಿದ್ದವು. ಚಪ್ಪಟೆ ತಾಮ್ರದ ಕೊಳವೆಗಳು ಒಂದು ಪುಟಾಣಿ ಫ್ಯಾನಿನ ತನಕ ಬಾಗಿ ಹೋಗಿದ್ದವು. ಎಲ್ಲೂ ಮೊಳೆಯಿಲ್ಲ, ಬೆಣೆಯಿಲ್ಲ, ಕೂದಲು ತೂರುವಷ್ಟು ಸಂದಿಯಿಲ್ಲ. ಅವನ ಕೈ ತಾನಾಗಿಯೇ ಟೇಪಿನ ಮೇಲೆ ಹೋಗಿ, ಟೇಪಿನಲ್ಲಿ ಇಷ್ಟು ಸಣ್ಣ ಗೆರೆಯೇ ಇಲ್ಲವೆಂದು ಹೊಳೆದು ಕೆಳಗಿಳಿಯಿತು.

"ಇದು ಯಾರ ಕೈಕೆಲಸ ತಂಗಿ?" ಎಂದು ಮೆಲ್ಲಗೆ ಕೇಳಿದ.

"ಮಷಿನ್ನೇ ಮಾಡೋದು ಅಣ್ಣ. ಆದ್ರೆ ಆ ಮಷಿನ್ನಿಗೂ ಯಾರೋ ಒಬ್ಬರು ಕೂತು ಅಳತೆ ಕೊಟ್ಟಿರ್ತಾರೆ. ಈ ಉಗುರಿನಷ್ಟು ಚೌಕ ಇದೆಯಲ್ಲ, ಇದು ಪ್ರೊಸೆಸರ್. ಇದರೊಳಗೆ ನೂರಾರು ಕೋಟಿ ಸ್ವಿಚ್‌ಗಳಿವೆ."

"ನೂರಾರು ಕೋಟಿ," ಎಂದ ಅವನು. ಮತ್ತೆ ಹೇಳಿಕೊಂಡ. ಆ ಉಗುರಗಲದ ಜಾಗವನ್ನು ನೋಡುತ್ತಿದ್ದಂತೆ ಅವನಿಗೆ ಮೈ ಜುಮ್ಮೆಂದಿತು. ಇಂಥದ್ದನ್ನು ತಾನು ಗೆಣ್ಣಿನಿಂದ ಕುಟ್ಟಿ ನೋಡಿ ಬಂದೆನಲ್ಲ ಎಂದು ನಾಚಿಕೆಯೂ ಆಯಿತು.

ಸ್ಕ್ರೂ ಅಕ್ಕ ಫೋಟೊ ನೋಡಿ ಹೇಳಿದಳು. "ಏಳು ಅನ್ನೋದು ಬರೀ ದರ್ಜೆ. ಯಾವ ಕಾಲದ ಏಳು ಅಂತ ಅದರ ಮುಂದಿನ ಅಂಕಿ ನೋಡಬೇಕು. ಇದು ಐದಾರು ವರ್ಷದ ಹಿಂದಿನದು. ಈಗಿನ ಐದು ಇದನ್ನ ಸುಲಭವಾಗಿ ಹಿಂದೆ ಹಾಕುತ್ತೆ. ಇನ್ನೊಂದು, ಚಿತ್ರ ಬಿಡಿಸೋ ಕೆಲಸಕ್ಕೆ ಬೇರೆಯಾಗಿ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕು. ಕಚೇರಿ ಚೀಟಿಯಲ್ಲಿ ಬರೆದಿದಾರೆ ನೋಡಿ. ಬೆಳ್ಳಿದರಲ್ಲಿ ಅದು ಇಲ್ಲವೇ ಇಲ್ಲ."

"ಆಮೇಲೆ ಹಾಕಿಸಿಕೊಂಡ್ರೆ?"

"ಅದೇ ಕೇಳಬೇಕಾದ ಪ್ರಶ್ನೆ ಅಣ್ಣ. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಸಾಮಾನ್ಯವಾಗಿ ಹಲಗೆಗೇ ಬೆಸೆದುಬಿಟ್ಟಿರ್ತಾರೆ. ಆಮೇಲೆ ಬದಲಾಯಿಸೋಕೆ ಆಗಲ್ಲ. ದುಡ್ಡು ಕಮ್ಮಿ ಇದ್ದಾಗ ಮೊದಲು ಅದಕ್ಕೆ ಹಾಕಿ. ಮೆಮೊರಿ ಇದೆಯಲ್ಲ, ಅದು ನಿಮ್ಮ ಕೆಲಸದ ಮೇಜಿದ್ದ ಹಾಗೆ. ಚಿಕ್ಕದಾದ್ರೆ ಒಂದು ಇಟ್ಟರೆ ಇನ್ನೊಂದು ಕೆಳಗೆ ಬೀಳುತ್ತೆ. ಆದ್ರೆ ಅದನ್ನ ಎಷ್ಟೋ ಮಾಡೆಲ್‌ಗಳಲ್ಲಿ ಆಮೇಲೂ ದೊಡ್ಡದು ಮಾಡ್ಬಹುದು, ಖಾಲಿ ಜಾಗ ಇದೆಯಾ ಅಂತ ಕೇಳಿಕೊಂಡು ತಗೋಬೇಕು ಅಷ್ಟೇ. ಬಣ್ಣ, ತೆಳುವು, ಹೊಳಪು ಇವಕ್ಕೆಲ್ಲ ಕೊಡೋ ದುಡ್ಡು ಚಿತ್ರಕ್ಕೆ ಬರಲ್ಲ."

"ಹೊರಗೆ ಥಳಕು, ಒಳಗೆ ಹುಳುಕು ಅನ್ನು," ಎಂದ ಮೂರಳತೆ ಮಾವ.

"ಹುಳುಕು ಅಂತಲ್ಲ ಅಣ್ಣ. ಕಾಗದ ಪತ್ರ ಬರೆಯೋರಿಗೆ, ಸಿನಿಮಾ ನೋಡೋರಿಗೆ ಆ ಬೆಳ್ಳಿದು ಚೆನ್ನಾಗೇ ಇದೆ. ನಿಮ್ಮ ಮಗಳ ಕೆಲಸಕ್ಕೆ ಅದಲ್ಲ."

ಅವನು ಒಪ್ಪಿದನೋ ಇಲ್ಲವೋ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಬಾಯಲ್ಲಿ ಹೇಳಿದ್ದು ನಾನು ನಂಬಲ್ಲ ತಂಗಿ. ಬಾಗಿಲು ಸರಿಯಿದೆಯಾ ಅಂತ ಚೌಕಟ್ಟಿಗೆ ಕೂರಿಸಿ ನೋಡಬೇಕು. ಇದಕ್ಕೆ ಹಾಗೇನಾದ್ರೂ ಉಂಟಾ?" ಎಂದು ಕೇಳಿದ.

ಸ್ಕ್ರೂ ಅಕ್ಕ ಮಗಳ ಕಡೆ ನೋಡಿದಳು. "ನಿನ್ನ ಹತ್ತಿರ ಇರೋದ್ರಲ್ಲಿ ಎಲ್ಲಕ್ಕಿಂತ ಭಾರದ ಚಿತ್ರ ಯಾವುದಮ್ಮ?"

"ಗ್ರಂಥಾಲಯದ ಮೆಟ್ಟಿಲು. ಅಪ್ಪ ಮುಂದಿನ ವಾರ ಕಟ್ಟೋಕೆ ಶುರುಮಾಡ್ತಾರಲ್ಲ, ಅದೇ. ಕಾಲೇಜಿನ ಕಂಪ್ಯೂಟರಲ್ಲಿ ಅರ್ಧಕ್ಕೇ ನಿಂತುಹೋಗ್ತಿತ್ತು."

"ಅದನ್ನ ಪೆನ್‌ಡ್ರೈವ್‌ಗೆ ಹಾಕಿಕೊ. ನಾಳೆ ನಾನೂ ಬರ್ತೀನಿ."

ಶನಿವಾರ ಬೆಳಗ್ಗೆ ಅಪ್ಪ, ಮಗಳು, ಸ್ಕ್ರೂ ಅಕ್ಕ ಮೂವರೂ ಅಂಗಡಿಯಲ್ಲಿದ್ದರು. ನಮ್ಮ ಕೆಲಸವನ್ನು ಇಲ್ಲೇ ಓಡಿಸಿ ನೋಡುತ್ತೇವೆ ಎಂದಾಗ ಮಾರಾಟಗಾರ ಹುಬ್ಬು ಗಂಟಿಕ್ಕಿದ. ಸ್ಕ್ರೂ ಅಕ್ಕ, "ತಗೊಳ್ಳೋರೇ ನಾವು, ನೋಡಿ ತಗೋತೀವಿ," ಎಂದಳು. ದೊಡ್ಡ ದನಿ ಮಾಡಲಿಲ್ಲ. ಅವನು ಮ್ಯಾನೇಜರ್ ಹತ್ತಿರ ಹೋಗಿ ಅಪ್ಪಣೆ ತಂದ. ಚಿತ್ರ ಬಿಡಿಸುವ ಸಾಫ್ಟ್‌ವೇರಿನ ಪುಕ್ಕಟೆ ಸಿಗುವ ಪರೀಕ್ಷಾ ಪ್ರತಿಯನ್ನು ಮಗಳು ಮೊದಲು ಬೆಳ್ಳಿಯದರಲ್ಲಿ ಹಾಕಿದಳು.

ಬೆಳ್ಳಿ ಲ್ಯಾಪ್‌ಟಾಪಿನಲ್ಲಿ ಮೊದಲು ಗ್ರಂಥಾಲಯದ ನೆಲ ಬಂತು. ಆಮೇಲೆ ಒಂದು ಗೋಡೆ. ಆಮೇಲೆ ಮೂರು ಮೆಟ್ಟಿಲು. ಅಲ್ಲಿಗೆ ಪರದೆ ಬೆಳ್ಳಗಾಗಿ, ಫ್ಯಾನು ಏದುಸಿರು ಬಿಡತೊಡಗಿತು. ಐದು ನಿಮಿಷವಾಯಿತು, ಹತ್ತಾಯಿತು. "ಮೊದಲ ಸಲ ಸ್ವಲ್ಪ ನಿಧಾನ ಸರ್," ಎಂದ ಮಾರಾಟಗಾರ. ಮೂರಳತೆ ಮಾವ ಆ ಬಿಳಿ ಪರದೆಯನ್ನೇ ನೋಡುತ್ತಿದ್ದ. ಅವನಿಗೆ ಅದರಲ್ಲಿ ಕಂಡದ್ದು ಸೋಮವಾರ ಬೆಳಗ್ಗೆ, ಪರರ ಕಚೇರಿಯಲ್ಲಿ, ಇದೇ ಬಿಳಿ ಪರದೆಯ ಮುಂದೆ ತಲೆ ತಗ್ಗಿಸಿ ಕೂತ ಮಗಳು.

"ಆ ಕರೀದು ತೆಗೀರಿ. ಕೆಳಗಡೆದು," ಎಂದ.

ಹೋದ ವರ್ಷದ ಮಾಡೆಲ್ ಆದ್ದರಿಂದ ಅದರ ಬೆಲೆ ಇಳಿದಿತ್ತು. ಅದರಲ್ಲೂ ಅದೇ ಸಾಫ್ಟ್‌ವೇರ್, ಅದೇ ಪೆನ್‌ಡ್ರೈವ್, ಅದೇ ಚಿತ್ರ. ನೆಲ ಬಂತು, ಗೋಡೆಗಳು ಎದ್ದವು, ಹದಿನೆಂಟು ಮೆಟ್ಟಿಲುಗಳೂ ಒಂದೇ ಉಸಿರಿಗೆ ತಿರುವು ಹಾಕಿ ಮಾಳಿಗೆಗೆ ಏರಿ ನಿಂತವು. ಮಗಳ ಬೆರಳು ಸ್ವಲ್ಪ ಸರಿದರೆ ಇಡೀ ಮೆಟ್ಟಿಲು ತಿರುಗುತ್ತಿತ್ತು. ಮೇಲಿಂದ ತೋರಿಸಿದಳು, ಪಕ್ಕದಿಂದ ತೋರಿಸಿದಳು, ಕೊನೆಗೆ ಅಡಿಯಿಂದಲೂ ತೋರಿಸಿದಳು. ಅಡಿಯಿಂದ ನೋಡುವಾಗ, ಅವಳು ಚಿತ್ರ ಬಿಡಿಸುವ ಕಾಲಕ್ಕೆ ತಾನು ಹೇಳಿದ್ದ ಒಂದೊಂದು ಕೂಡಿಕೆಯೂ ಹೇಳಿದಲ್ಲೇ ಇರುವುದು ಬಡಗಿಗೆ ಕಂಡಿತು. ಮರದ ಎಳೆಗಳು ಕೂಡ ಕಂಡವು. ಇನ್ನೂ ಮರವನ್ನೇ ತಂದಿರಲಿಲ್ಲ.

ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ಕೈಯಲ್ಲಿ ಹಿಡಿದುಕೊಂಡ, ದೊಡ್ಡವರ ಮುಂದೆ ಟೋಪಿ ತೆಗೆದ ಹಾಗೆ.

"ಅಪ್ಪ, ಬಿಸಿಲು ಹಾಕಲಾ?" ಎಂದಳು ಮಗಳು.

"ಬಿಸಿಲು ಹಾಕೋದು ಅಂದ್ರೆ?"

ಅವಳು ಏನನ್ನೋ ಒತ್ತಿದಳು. ಗ್ರಂಥಾಲಯದ ಪಡುವಣ ಕಿಟಕಿಯಿಂದ ಬೆಳಕು ಒಳಗೆ ಬಂತು. ಮಧ್ಯಾಹ್ನ ಎರಡು ಗಂಟೆ, ಮೂರು, ನಾಲ್ಕು ಎಂದು ಅವಳು ಹೊತ್ತನ್ನು ಸರಿಸುತ್ತಾ ಹೋದಂತೆ ಕಂಬಿಗಳ ನೆರಳು ಮೆಟ್ಟಿಲ ಮೇಲೆ ನಡೆಯತೊಡಗಿತು. ಮೂವತ್ತು ವರ್ಷದಲ್ಲಿ ಅವನು ಲೆಕ್ಕವಿಲ್ಲದಷ್ಟು ಮೆಟ್ಟಿಲು ಕಟ್ಟಿದ್ದ. ಅವುಗಳ ನೆರಳನ್ನು ಕಟ್ಟುವ ಮೊದಲೇ ನೋಡಿದ್ದು ಇದೇ ಮೊದಲು. ತನ್ನ ಮಗಳು ಸೂರ್ಯನನ್ನು ಬೆರಳ ತುದಿಯಲ್ಲಿ ಸರಿಸುತ್ತಿದ್ದಾಳೆ, ತಾನು ಬಾಯಿ ಬಿಟ್ಟುಕೊಂಡು ನಿಂತಿದ್ದೇನೆ ಎಂದು ಅವನಿಗೇ ಅನಿಸಿತು. ಅನಿಸಿದರೂ ಬಾಯಿ ಮುಚ್ಚಲಾಗಲಿಲ್ಲ.

"ನಿಲ್ಲಿಸು," ಎಂದ ಇದ್ದಕ್ಕಿದ್ದಂತೆ. "ಎಷ್ಟು ಗಂಟೆ ಇದು?"

"ಸಂಜೆ ಐದು ಅಪ್ಪ."

"ನೋಡು. ಕಂಬಿ ನೆರಳು ಸರಿಯಾಗಿ ಮೆಟ್ಟಿಲಂಚಿನ ಮೇಲೇ ಬಿದ್ದಿದೆ. ಯಾವುದು ಅಂಚು, ಯಾವುದು ನೆರಳು ಅಂತ ಗೊತ್ತಾಗ್ತಿಲ್ಲ. ಇಳಿಯೋರು ವಯಸ್ಸಾದವರಾದ್ರೆ ಕಾಲು ತಪ್ಪುತ್ತೆ."

ಮಗಳು ಬಗ್ಗಿ ನೋಡಿದಳು. ಸ್ಕ್ರೂ ಅಕ್ಕ ನೋಡಿದಳು. ಮಾರಾಟಗಾರನೂ ಟೈ ಹಿಡಿದುಕೊಂಡು ಬಗ್ಗಿದ. ಹೌದು, ನಾಲ್ಕು ಮೆಟ್ಟಿಲುಗಳ ಅಂಚು ನೆರಳಿನಲ್ಲಿ ಕರಗಿಹೋಗಿತ್ತು.

"ಅಂಚಿಗೆ ಎರಡು ಬೆರಳಗಲ ತಿಳಿ ಬಣ್ಣದ ಮರ ಕೂರಿಸಿದ್ರೆ?" ಎಂದ ಬಡಗಿ.

ಮಗಳ ಬೆರಳು ಆಡಿತು. ಹದಿನೆಂಟು ಅಂಚುಗಳಿಗೂ ತಿಳಿ ಪಟ್ಟಿ ಬಂದು ಕೂತಿತು. ಸಂಜೆ ಐದರ ಆ ನೆರಳಿನಲ್ಲೂ ಒಂದೊಂದು ಮೆಟ್ಟಿಲೂ ಬೇರೆಬೇರೆಯಾಗಿ ಕಂಡಿತು.

ಮೂರಳತೆ ಮಾವ ಮಗಳ ತಲೆಯ ಮೇಲೆ ಕೈಯಿಟ್ಟ. "ನಿನ್ನೆ ನಿನ್ನನ್ನ ಮನೇಲಿ ಬಿಟ್ಟು ಬಂದೆ ನೋಡು, ಅದೇ ನಾನು ಮಾಡಿದ ತಪ್ಪು. ಯಂತ್ರ ಹೇಗಿರಬೇಕು ಅಂತ ಅಂಗಡಿಯಲ್ಲೆಲ್ಲ ಕೇಳಿದೆ, ಕೆಲಸ ಮಾಡೋಳನ್ನ ಕೇಳಲಿಲ್ಲ," ಎಂದ.

ಉಳಿದದ್ದನ್ನು ಸ್ಕ್ರೂ ಅಕ್ಕ ನಿಂತು ಮುಗಿಸಿದಳು. ಚೀಟಿಯಲ್ಲಿ ಹದಿನಾರು ಜಿಬಿ ಮೆಮೊರಿ ಎಂದಿತ್ತು, ಕಪ್ಪು ಲ್ಯಾಪ್‌ಟಾಪಿನಲ್ಲಿ ಎಂಟೇ ಇತ್ತು, ಆದರೆ ಇನ್ನೊಂದು ತುಂಡಿಗೆ ಜಾಗ ಖಾಲಿಯಿತ್ತು. "ನಾನೇ ಹಾಕಿಕೊಡ್ತಿದ್ದೆ. ಬೇಡ, ಇಲ್ಲೇ ಹಾಕಿಸಿ, ಬಿಲ್ಲಿನಲ್ಲೂ ಬರೆಸಿ, ನಾಳೆ ವಾರಂಟಿಗೆ ತಕರಾರು ಬರಬಾರದು," ಎಂದಳು. ಒಳಗಿನ ಸಂಗ್ರಹ ಹಳೆಯ ಕಾಲದ ತಿರುಗುವ ಡಿಸ್ಕ್ ಬಗೆಯದೋ, ವೇಗದ ಎಸ್‌ಎಸ್‌ಡಿಯೋ ಎಂದು ಪರದೆಯ ಮೇಲೆ ವಿವರ ತೆಗೆದು ನೋಡಿದಳು, ಎಸ್‌ಎಸ್‌ಡಿಯೇ ಆಗಿತ್ತು. ಅರ್ಧ ಗಂಟೆ ಮೆಟ್ಟಿಲನ್ನು ತಿರುಗಿಸುತ್ತಲೇ ಇರು ಎಂದು ಮಗಳನ್ನು ಕೂರಿಸಿ, ಕೆಳಗೆ ಕೈಯಿಟ್ಟು ಬಿಸಿ ನೋಡಿದಳು. ಬೆಳ್ಳಿಯದಕ್ಕೆ ಕೊಟ್ಟ ಮುಂಗಡ ಇದರ ಬೆಲೆಯಲ್ಲೇ ವಜಾ ಆಯಿತು. ಎಲ್ಲ ಸೇರಿ ಕೈಯಲ್ಲಿದ್ದ ದುಡ್ಡಿನೊಳಗೇ ಮುಗಿದು, ಚೀಲ ಕೊಳ್ಳುವಷ್ಟು ಉಳಿಯಿತು. ಚೀಲಕ್ಕೆ ಮಾತ್ರ ಮೂರಳತೆ ಮಾವ ಟೇಪು ಹಿಡಿದ, ಯಾರೂ ಬೇಡ ಅನ್ನಲಿಲ್ಲ.

ಸೋಮವಾರ ಸಂಜೆ ಅವನು ಕೆಲಸ ಬಿಟ್ಟು ಬೇಗ ಬಂದು ಬಾಗಿಲಲ್ಲೇ ಕೂತಿದ್ದ. ಮಗಳು ಬೀದಿಯ ತಿರುವಿನಲ್ಲಿ ಕಂಡಾಗ ಎದ್ದು ನಿಂತ. ಕೇಳಲು ಧೈರ್ಯ ಸಾಲಲಿಲ್ಲ. ಹೆಂಡತಿಯೇ, "ಏನಂದ್ರು ಮಗಳೇ?" ಎಂದಳು.

"ಎಲ್ಲ ಓಡ್ತು ಅಮ್ಮ. ನಾಳೆಯಿಂದ ಬಾ ಅಂದ್ರು," ಎಂದು ಮಗಳು ಚೀಲವನ್ನು ಮೆಲ್ಲಗೆ ಕೆಳಗಿಳಿಸಿದಳು. "ಮೆಟ್ಟಿಲು ನೋಡಿ, ಈ ತಿಳಿ ಪಟ್ಟಿ ಯಾರ ಯೋಚನೆ ಅಂತ ಕೇಳಿದ್ರು. ನಮ್ಮಪ್ಪಂದು ಅಂದೆ. ಒಂದಿನ ಅವರನ್ನೂ ಕರ್ಕೊಂಡು ಬಾ, ಇನ್ನೂ ಎರಡು ಕಟ್ಟಡದ ಮೆಟ್ಟಿಲು ತೋರಿಸಿ ಕೇಳೋದಿದೆ ಅಂದ್ರು."

"ಕೈಕಾಲು ತೊಳ್ಕೊ, ಹೋಗು," ಎಂದು ಮೂರಳತೆ ಮಾವ ಮುಖ ಆಚೆ ತಿರುಗಿಸಿದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂದೋ ನಾಳೆಯೋ ಈ ಮಾತು ಬರುತ್ತದೆ. ಆಗ ಅಂಗಡಿಗೆ ಓಡಬೇಡಿ. ಮೊದಲು ಯಾವ ಕೆಲಸಕ್ಕೆ ಬೇಕು, ಆ ಕೆಲಸದ ಸಾಫ್ಟ್‌ವೇರ್ ಏನು ಕೇಳುತ್ತದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆಯಿಸಿಕೊಳ್ಳಿ. ಇರುವ ದುಡ್ಡನ್ನು ಮೊದಲು ಆಮೇಲೆ ಬದಲಾಯಿಸಲಾಗದ ಪ್ರೊಸೆಸರು, ಗ್ರಾಫಿಕ್ಸಿಗೆ ಹಾಕಿ. ಮೆಮೊರಿಯನ್ನು ಆಮೇಲೂ ಹೆಚ್ಚಿಸಬಹುದೇ ಎಂದು ಕೇಳಿ ತಿಳಿಯಿರಿ. ಹೋದ ವರ್ಷದ ಮಾಡೆಲ್ ಎಂದು ಮೂಗು ಮುರಿಯಬೇಡಿ. ನಿಮ್ಮದೇ ಕೆಲಸವನ್ನು ಅಲ್ಲೇ ಓಡಿಸಿ ನೋಡಿ. ಬಿಲ್ಲು, ವಾರಂಟಿ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ತಿಳಿದವರು ನಿಮ್ಮ ಬೀದಿಯಲ್ಲೂ ಒಬ್ಬರು ಇರುತ್ತಾರೆ, ಸಂಕೋಚ ಬಿಟ್ಟು ಅವರ ಬಾಗಿಲು ತಟ್ಟಿ.

ಇಷ್ಟರಲ್ಲಿ ಯಾವುದು ಮರೆತರೂ ಒಂದನ್ನು ಮರೆಯಬೇಡಿ. ಆ ಯಂತ್ರದ ಮುಂದೆ ದಿನವೂ ಕೂರುವವರು ಯಾರೋ, ಅವರನ್ನು ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋಗಿ. ಅವರಿಗೆ ಏನು ಗೊತ್ತಿದೆ ಅನ್ನುವುದನ್ನು ನೀವೂ ಅಲ್ಲೇ ಮೊದಲ ಸಲ ನೋಡುತ್ತೀರಿ.